ಗಾಡಿಗಿಂತ ಮೊದಲು ಬೆರಳು ಬೆಚ್ಚಗಿರಲಿ

ದೀಪಾವಳಿ ಮುಗಿದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಮೈಲೇಜ್ ಕೇಳುವವರು ಸುಮ್ಮನಾಗುತ್ತಾರೆ, ಸ್ಟಾರ್ಟಿಂಗ್ ಕೇಳುವವರು ಶುರುವಾಗುತ್ತಾರೆ. ಈ ಸಲವೂ ಇಂಜಿನ್, ಬ್ಯಾಟರಿ, ಆಯಿಲ್ ಪತ್ರಗಳೇ ಜಾಸ್ತಿ. ನನ್ನ ಲೆಕ್ಕ ಬೇರೆ. ನಮ್ಮ ಬೀದರ್, ಕಲಬುರಗಿ, ಯಾದಗಿರಿ ಕಡೆಯ ಚಳಿಯಲ್ಲಿ ಗಾಡಿಗೆ ಅಂಥದ್ದೇನೂ ಆಗುವುದಿಲ್ಲ, ಆಗುವುದೆಲ್ಲ ಓಡಿಸುವವರಿಗೆ. ಅದಕ್ಕೇ ಕೈಬೆರಳಿನ ಪತ್ರವನ್ನು ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ್ರಿ ಸರ್. ನಾನು ಶಿಕ್ಷಕ, ಮನೆ ಬೀದರ್‌ನ ನೌಬಾದ್‌ನಲ್ಲಿ, ಶಾಲೆ ಹುಮನಾಬಾದ್ ಹತ್ತಿರ. ಬೆಳಿಗ್ಗೆ ಏಳಕ್ಕೆ ಹೊರಟರೆ ಅರ್ಧ ದಾರಿಗೇ ಬೆರಳು ಮರಗಟ್ಟುತ್ತವೆ. ಉಣ್ಣೆ ಗ್ಲೌಸ್ ಹಾಕಿದರೂ ಅಷ್ಟೇ. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ನೋಡಿದೆ, ಉಪಯೋಗವಿಲ್ಲ.

ಉತ್ತರ: ಮಾಸ್ತರ್ರೇ, ನಿಮಗೆ ಚಳಿಗಿಂತ ಗಾಳಿಯ ಕಾಟ ಜಾಸ್ತಿ. ಬೀದರ್ ಇರುವುದು ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಎತ್ತರದ ಬಯಲಿನಲ್ಲಿ. ಡಿಸೆಂಬರ್, ಜನವರಿ ಬೆಳಿಗ್ಗೆ 10 ಡಿಗ್ರಿ ಆಸುಪಾಸಿಗೆ ಇಳಿಯುವುದು ನಿಮಗೇ ಗೊತ್ತು. ಆ ಚಳಿಯಲ್ಲಿ 60ರ ವೇಗದಲ್ಲಿ ಹೋದರೆ, ಬರಿ ಚರ್ಮಕ್ಕೆ ಅದು 5 ಡಿಗ್ರಿ ಇದ್ದ ಹಾಗೆ ತಟ್ಟುತ್ತದೆ. ಉಣ್ಣೆ ಬೆಚ್ಚಗಿಡುತ್ತದೆ ನಿಜ, ಆದರೆ ಗಾಳಿಯನ್ನು ತಡೆಯುವುದಿಲ್ಲ. ಜರಡಿಯಲ್ಲಿ ನೀರು ಹಿಡಿದ ಹಾಗೆ. ಹಾಗಾಗಿ ಒಂದು ಸ್ವೆಟರ್ ತೆಗೆದಿಡಿ, ಇನ್ನೊಂದರ ಮೇಲೆ ಮಳೆಗಾಲದ ರೇನ್‌ಕೋಟ್ ಹಾಕಿಕೊಳ್ಳಿ. ಹೌದು, ಮಳೆ ಇಲ್ಲದಾಗ ರೇನ್‌ಕೋಟ್ ಹಾಕಿದರೆ ಶಾಲೆಯ ಹುಡುಗರು ನಗುತ್ತಾರೆ, ನಗಲಿ. ಅದೂ ಇಲ್ಲವೆಂದರೆ ಜಾಕೆಟ್ ಒಳಗೆ ಎದೆಗೆ ಎರಡು ಪದರ ದಿನಪತ್ರಿಕೆ ಇಟ್ಟುಕೊಳ್ಳಿ. ಹಳೇ ಲಾರಿ ಕ್ಲೀನರ್‌ಗಳಿಗೂ ಗೊತ್ತಿದ್ದ ಉಪಾಯ ಅದು.

ಕೈಯ ಬಗ್ಗೆ ಕೇಳಿದರೆ ಎದೆಯ ಬಗ್ಗೆ ಯಾಕೆ ಹೇಳುತ್ತಿದ್ದಾರೆ ಅನ್ನಬೇಡಿ. ಎದೆ, ಹೊಟ್ಟೆ ತಣ್ಣಗಾದರೆ ದೇಹ ಒಳಗಿನ ಬಿಸಿ ಉಳಿಸಿಕೊಳ್ಳಲು ಕೈಕಾಲಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತದೆ. ಮೈ ನಡುಗುತ್ತಿದ್ದರೆ ಎಂಥ ಗ್ಲೌಸ್ ಹಾಕಿದರೂ ಬೆರಳು ಬೆಚ್ಚಗಾಗುವುದಿಲ್ಲ. ಎದೆ, ಕುತ್ತಿಗೆ, ಮಣಿಕಟ್ಟು ಈ ಮೂರು ಕಡೆ ಗಾಳಿ ನುಗ್ಗದ ಹಾಗೆ ಮಾಡಿ, ಆಮೇಲೆ ಗ್ಲೌಸ್ ಮಾತು.

ಗ್ಲೌಸ್ ಹೊರಗಡೆ ಚರ್ಮದ್ದೋ ಗಾಳಿ ತಡೆಯುವ ಬಟ್ಟೆಯದ್ದೋ ಇರಬೇಕು, ಒಳಗೆ ನಿಮ್ಮ ತೆಳು ಉಣ್ಣೆಯದ್ದು ಇರಲಿ. ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ, ಬಿಗಿಯಾದರೆ ರಕ್ತ ಓಡುವುದಿಲ್ಲ, ಇನ್ನೂ ಬೇಗ ಮರಗಟ್ಟುತ್ತದೆ. ಅಂಗಡಿಯಲ್ಲೇ ಹಾಕಿಕೊಂಡು ಹೊರಗೆ ನಿಂತಿರುವ ಗಾಡಿಯ ಬ್ರೇಕ್, ಕ್ಲಚ್, ಇಂಡಿಕೇಟರ್ ಮೂರನ್ನೂ ಒತ್ತಿ ನೋಡಿ. ಇಂಡಿಕೇಟರ್ ಹುಡುಕಾಡಬೇಕಾದರೆ ಆ ಗ್ಲೌಸ್ ಬೇಡ. ಹ್ಯಾಂಡಲ್‌ಗೇ ಹಾಕುವ ದಪ್ಪ ಕವರ್‌ಗಳೂ ಸಿಗುತ್ತವೆ. ನೋಡಲು ಚೆಂದ ಇಲ್ಲ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತವೆ. ಕೈ ಅದರಿಂದ ಸಲೀಸಾಗಿ ಹೊರಬರುತ್ತದಾ ಅನ್ನುವುದೊಂದನ್ನು ನೋಡಿಕೊಳ್ಳಿ.

ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, 60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಹೋಗುತ್ತದೆ. ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲು ಅರ್ಧ ಸೆಕೆಂಡ್ ತಡ ಮಾಡಿತು ಅಂದರೆ ಎಂಟು ಮೀಟರ್ ಹೋಯಿತು. ಎಮ್ಮೆ ಅಡ್ಡ ಬಂದಾಗ ಆ ಎಂಟು ಮೀಟರೇ ಬೇಕಾಗುವುದು. ಬೆರಳು ಜೋಮು ಹಿಡಿಯಿತು ಅನ್ನಿಸಿದ ಕೂಡಲೇ ನಿಲ್ಲಿಸಿ, ಕೈ ಕಂಕುಳಲ್ಲಿ ಇಟ್ಟುಕೊಳ್ಳಿ, ಒಂದು ಚಹಾ ಕುಡಿಯಿರಿ. ಸೈಲೆನ್ಸರ್‌ಗೆ ಕೈ ಒಡ್ಡಬೇಡಿ, ಜೋಮು ಹಿಡಿದ ಚರ್ಮಕ್ಕೆ ಸುಟ್ಟದ್ದು ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಂತೂ ಇದನ್ನು ಮಾಡಲೇಬಾರದು. ಬೆರಳು ಪದೇಪದೇ ಬೆಳ್ಳಗೋ ನೀಲಿಯಾಗೋ ಆಗುತ್ತಿದ್ದರೆ ಗ್ಲೌಸ್ ಅಂಗಡಿ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಮನೆಯಲ್ಲಿ ಎರಡು ಗಾಡಿ ಇವೆ. ಅಪ್ಪಂದು ಹಳೆಯದು, ಕಿಕ್ ಇದೆ. ನಂದು ಹೊಸದು, ಸೆಲ್ಫ್ ಮಾತ್ರ. ಬೆಳಿಗ್ಗೆ ಎರಡೂ ಸತಾಯಿಸುತ್ತವೆ. ಹತ್ತು ನಿಮಿಷ ಸ್ಟಾರ್ಟ್ ಮಾಡಿ ಬಿಡಬೇಕು ಅಂತ ಅಪ್ಪ ಹೇಳುತ್ತಾರೆ. ನಿಜವಾ? (ಕಲಬುರಗಿಯ ಒಬ್ಬ ಕಾಲೇಜ್ ಹುಡುಗ)

ಉತ್ತರ: ತಮ್ಮಾ, ಹತ್ತು ನಿಮಿಷ ಬೇಡ. ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು, ಆಮೇಲೆ ಮೊದಲ ಎರಡು ಮೂರು ಕಿಲೋಮೀಟರ್ ಜೋರು ಮಾಡದೆ ನಿಧಾನ ಹೋಗು. ನಿಂತಲ್ಲೇ ಓಡುವ ಇಂಜಿನ್ ಬಿಸಿಯಾಗುವುದು ತಡ, ಪೆಟ್ರೋಲ್ ದಂಡ. ಪಡಸಾಲೆಯಲ್ಲೋ ಶಟರ್ ಹಾಕಿದ ಕೋಣೆಯಲ್ಲೋ ಸ್ಟಾರ್ಟ್ ಮಾಡಿ ಬಿಡುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಅಪ್ಪನ ಗಾಡಿ ಕಾರ್ಬ್ಯುರೇಟರ್‌ದ್ದು. ಚೋಕ್ ಎಳೆದು, ಆಕ್ಸಲೇಟರ್ ಮುಟ್ಟದೆ ಕಿಕ್ ಹೊಡೆಯಲು ಹೇಳು. ಸ್ಟಾರ್ಟ್ ಆಗಿ ಅರ್ಧ ನಿಮಿಷಕ್ಕೆ ಚೋಕ್ ವಾಪಸ್ ಹಾಕಬೇಕು, ಮರೆತರೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಹಾಗಾದ ಪ್ಲಗ್‌ನಿಂದಲೇ ಮರುದಿನ ಮತ್ತೆ ಸತಾಯಿಸುವುದು. 2020ರ ಏಪ್ರಿಲ್‌ನಿಂದ ಹೊಗೆ ಮಿತಿಯ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳು ಹೆಚ್ಚುಕಡಿಮೆ ಎಲ್ಲವೂ ಫ್ಯೂಯೆಲ್ ಇಂಜೆಕ್ಷನ್. ನಿನ್ನದರಲ್ಲಿ ಚೋಕ್ ಇಲ್ಲ, ಬೇಕಾಗಿಯೂ ಇಲ್ಲ. ಕೀ ಆನ್ ಮಾಡಿ, ಪಂಪ್ ಗುಂಯ್ ಅಂದು ನಿಂತ ಮೇಲೆ ಕ್ಲಚ್ ಹಿಡಿದು ಸೆಲ್ಫ್ ಒತ್ತು. ಒಂದೇ ಸಮ ಒತ್ತಬೇಡ, ಐದು ಸೆಕೆಂಡ್ ಒತ್ತಿ, ಹತ್ತು ಹದಿನೈದು ಸೆಕೆಂಡ್ ಬಿಡು. ಚಳಿಯಲ್ಲಿ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಬೇಸಿಗೆಯಲ್ಲಿ ಹೇಗೋ ನಡೆಸಿಕೊಂಡು ಬಂದ ಹಳೇ ಬ್ಯಾಟರಿ ಈಗ ಬಣ್ಣ ಬಯಲು ಮಾಡುತ್ತದೆ. ರಾತ್ರಿ ನಿಲ್ಲಿಸಿದ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಮೀಟರ್ ಹಿಡಿದು ನೋಡಿಸು. 12.6 ವೋಲ್ಟ್ ಇದ್ದರೆ ತುಂಬಿದೆ ಅಂತ, 12.4ಕ್ಕಿಂತ ಕೆಳಗೆ ಬಂದರೆ ಚಾರ್ಜ್ ಮಾಡಿಸಬೇಕು. ಕಿಕ್ ಇಲ್ಲದ ಗಾಡಿಗೆ ಬ್ಯಾಟರಿಯೇ ಗತಿ, ಅಲ್ವಾ?

ಪ್ರಶ್ನೆ: ಚಳಿಗಾಲಕ್ಕೆ ಅಂತ ಬೇರೆ ಇಂಜಿನ್ ಆಯಿಲ್ ಹಾಕಿಸಬೇಕೇ?

ಉತ್ತರ: ಬೇಡ. ಗಾಡಿಯ ಪುಸ್ತಕದಲ್ಲಿ ಬರೆದ ಗ್ರೇಡ್ ಹಾಕಿಸಿ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಬೀಳುವುದಿಲ್ಲ.

ಪ್ರಶ್ನೆ: ಬೆಳಿಗ್ಗೆ ಸೈಲೆನ್ಸರ್‌ನಿಂದ ನೀರು ತೊಟ್ಟಿಕ್ಕುತ್ತದೆ, ಬಿಳಿ ಹೊಗೆಯೂ ಬರುತ್ತದೆ. ಇಂಜಿನ್ ಬಿಚ್ಚಬೇಕು ಅಂತ ಮೆಕ್ಯಾನಿಕ್ ಹೇಳಿದ.

ಉತ್ತರ: ಬಿಚ್ಚಿಸಬೇಡಿ. ಪೆಟ್ರೋಲ್ ಉರಿದಾಗ ನೀರಾವಿ ಹುಟ್ಟುತ್ತದೆ, ಸೈಲೆನ್ಸರ್ ತಣ್ಣಗಿದ್ದರೆ ಅದು ನೀರಾಗಿ ಇಳಿಯುತ್ತದೆ. ಗಾಡಿ ಬಿಸಿಯಾದ ಮೇಲೆ ನಿಲ್ಲುತ್ತದೆ. ಹೊಗೆ ನೀಲಿಯಾಗಿದ್ದು, ಬಿಸಿಯಾದ ಮೇಲೂ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಅಂತ, ಆಗ ತೋರಿಸಿ. ದಿನಾ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಒಂದೆರಡು ಕಿಲೋಮೀಟರ್ ಮಾತ್ರ ಓಡಿಸುವವರು ವಾರಕ್ಕೊಮ್ಮೆ ಸ್ವಲ್ಪ ದೂರ ಹೋಗಿ ಬನ್ನಿ. ಇಲ್ಲದಿದ್ದರೆ ಆ ನೀರು ಸೈಲೆನ್ಸರ್ ಒಳಗೇ ನಿಂತು ತುಕ್ಕು ಹಿಡಿಸುತ್ತದೆ.

ಪ್ರಶ್ನೆ: ನಾನು ಭಾಲ್ಕಿ ಕಡೆಯವನು. ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಕಬ್ಬಿನ ಟ್ರ್ಯಾಕ್ಟರ್ ಹೆದರಿಕೆ. ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ.

ಉತ್ತರ: ನಿಮ್ಮ ಪತ್ರ ಈ ತಿಂಗಳ ಎಲ್ಲ ಪತ್ರಗಳಿಗಿಂತ ಮುಖ್ಯವಾದದ್ದು. ನವೆಂಬರ್‌ನಿಂದ ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುತ್ತವೆ. ಭಾಲ್ಕಿ, ಹುಮನಾಬಾದ್, ಆಳಂದ, ಅಫಜಲಪುರ ಎಲ್ಲ ಕಡೆ ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರಾಲಿ ಕಟ್ಟಿಕೊಂಡು ಹೊರಡುತ್ತಾರೆ, ಕಬ್ಬು ಅಕ್ಕಪಕ್ಕ ಚಾಚಿಕೊಂಡಿರುತ್ತದೆ. ಎದುರಿನ ಲಾರಿ ಡಿಪ್ ಮಾಡದೆ ಬಂದರಂತೂ ಮುಗಿಯಿತು, ಆ ಬೆಳಕಿನ ಹಿಂದೆ ಇಡೀ ಟ್ರಾಲಿ ಮಾಯ.

ಇದಕ್ಕೆ ನಮ್ಮ ಕೈಯಲ್ಲಿರುವ ಮದ್ದು ವೇಗ ಒಂದೇ. 60ರಲ್ಲಿ ಇದ್ದರೆ, ಕಂಡು ಬ್ರೇಕ್ ಹಿಡಿದು ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ ಸುಮಾರು 50 ಮೀಟರ್ ಹೋಗಿರುತ್ತದೆ. 40ರಲ್ಲಿ ಇದ್ದರೆ 30 ಮೀಟರ್ ಒಳಗೆ ನಿಲ್ಲುತ್ತದೆ. ನಮ್ಮ ಸಾಧಾರಣ ಬೈಕಿನ ಡಿಪ್ ಬೆಳಕಿನಲ್ಲಿ 50 ಮೀಟರ್ ಆಚೆ ಕಪ್ಪು ಟ್ರಾಲಿ ಕಾಣುತ್ತದೆ ಅಂತ ನಂಬಿ ಹೋಗುವುದು ಜೂಜು. ಎದುರು ಬೆಳಕು ಕಣ್ಣಿಗೆ ಹೊಡೆದಾಗ ಎಡಗಡೆಯ ಬಿಳಿ ಗೆರೆ ನೋಡುತ್ತ ವೇಗ ಇಳಿಸಿ. ರಸ್ತೆ ಮೇಲೆ ಕಲ್ಲು ಕಂಡರೆ ಮುಂದೆ ಪಂಕ್ಚರ್ ಆದ ಟ್ರಾಲಿ ನಿಂತಿದೆ ಅಂದುಕೊಳ್ಳಿ, ಅಥವಾ ಹೋಗುವಾಗ ಕಲ್ಲು ತೆಗೆಯದೆ ಹೋಗಿದ್ದಾರೆ ಅಂತ. ಬಿದ್ದ ಕಬ್ಬಿನ ಜಲ್ಲೆ ಚಕ್ರದಡಿ ಉರುಳುತ್ತದೆ, ಅದರ ಮೇಲೆ ಬ್ರೇಕ್ ಹಾಕಬೇಡಿ. ನಿಮ್ಮ ಸಂಬಂಧಿಕರಲ್ಲಿ ಯಾರದಾದರೂ ಟ್ರ್ಯಾಕ್ಟರ್ ಇದ್ದರೆ, ಟ್ರಾಲಿಯ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ನೀವೇ ತಂದು ಅಂಟಿಸಿ. ಅಷ್ಟು ದುಡ್ಡಿನಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಇದೇ ಹೊತ್ತಿಗೆ ತೊಗರಿ ರಾಶಿಯೂ ಬರುತ್ತದೆ. ರಸ್ತೆ ಮೇಲೆ ಹರಡಿದ ಕಟ್ಟಿಗೆ, ಹೊಟ್ಟು, ಕಾಳು ಮೂರೂ ಜಾರುತ್ತವೆ. ಒಣ ಕಡ್ಡಿ ಬಿಸಿ ಸೈಲೆನ್ಸರ್‌ಗೆ ಸಿಕ್ಕಿಕೊಂಡರೆ ಹೊತ್ತಿಕೊಳ್ಳಬಹುದು, ದಾಟಿದ ಮೇಲೆ ಒಮ್ಮೆ ಬಗ್ಗಿ ನೋಡಿ.

ಪ್ರಶ್ನೆ: ಮಗಳಿಗೆ ಮೂರು ವರ್ಷ. ಟ್ಯಾಂಕ್ ಮೇಲೆ ಕೂರಿಸಿ ಅಂಗನವಾಡಿಗೆ ಬಿಡುತ್ತೇನೆ. ಈಗ ಚಳಿ, ಟೊಪ್ಪಿಗೆ ಸಾಕಾಗುತ್ತಾ? (ಚಿತ್ತಾಪುರ)

ಉತ್ತರ: ಅಣ್ಣಾ, ಟ್ಯಾಂಕ್ ಮೇಲೆ ಕೂತ ಮಗು ನಿಮಗೆ ಬರುವ ಗಾಳಿಯನ್ನೆಲ್ಲ ತಾನು ತಡೆಯುತ್ತಿದೆ. ನಿಮಗೆ ಬೆಚ್ಚಗಿರುತ್ತದೆ, ಅದಕ್ಕಲ್ಲ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಬೇಕು, ಓಡಿಸುವವರಿಗೆ ಸೇರಿಸಿ ಕಟ್ಟುವ ಬೆಲ್ಟ್ ಬೇಕು, ವೇಗ 40 ದಾಟಬಾರದು ಅಂತ 2022ರಲ್ಲೇ ಕೇಂದ್ರ ನಿಯಮ ಮಾಡಿದೆ. ಹಿಂದೆ ಕೂರಿಸಿ ಬೆಲ್ಟ್ ಕಟ್ಟಿ. ಅಂಗನವಾಡಿ ಹತ್ತಿರ ಇದ್ದರೆ ಇಬ್ಬರೂ ನಡೆದು ಹೋಗಿ, ಮೈಯೂ ಬಿಸಿಯಾಗುತ್ತದೆ.

ಪ್ರಶ್ನೆ: ಶಹಾಪುರದಿಂದ ಬೆಳಿಗ್ಗೆ ಐದಕ್ಕೆ ಹೊರಡುತ್ತೇನೆ. ಕಾಲುವೆ, ಗದ್ದೆ ಇರುವ ಕಡೆ ಮಂಜು ಗೋಡೆಯ ಹಾಗೆ ನಿಂತಿರುತ್ತದೆ. ಹೈ ಬೀಮ್ ಹಾಕಿದರೂ ಕಾಣುವುದಿಲ್ಲ.

ಉತ್ತರ: ಹೈ ಬೀಮ್ ಹಾಕಿದ್ದರಿಂದಲೇ ಕಾಣುತ್ತಿಲ್ಲ. ಆ ಬೆಳಕು ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಡಿಪ್‌ನಲ್ಲಿ ಇಡಿ. ನಾರಾಯಣಪುರ ಎಡದಂಡೆ ಕಾಲುವೆ ನೀರು ಹರಿಯುವ ಗದ್ದೆಗಳಲ್ಲಿ ತೇವ ಜಾಸ್ತಿ. ಗಾಳಿ ಇಲ್ಲದ, ಮೋಡ ಇಲ್ಲದ ರಾತ್ರಿ ನೆಲ ತಣ್ಣಗಾಗಿ, ಅದೇ ತೇವ ಮಂಜಾಗುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೇ ಅದು ದಟ್ಟ, ಬಿಸಿಲೇರಿದ ಮೇಲೆ ಕರಗುತ್ತದೆ. ನಿಮ್ಮ ಕೆಲಸ ತಡೆಯುವುದಾದರೆ ಎರಡು ತಾಸು ಬಿಟ್ಟು ಹೊರಡಿ, ಮಿಕ್ಕ ಉಪಾಯಗಳೆಲ್ಲ ಅದಕ್ಕಿಂತ ಕೆಳಗೆ. ಲಾರಿಯ ಹಿಂದಿನ ಕೆಂಪು ಲೈಟ್ ನಂಬಿಕೊಂಡು ಅಂಟಿಕೊಂಡು ಹೋಗಬೇಡಿ. ನಿಲ್ಲಬೇಕಾದರೆ ಡಾಂಬರ್ ಬಿಟ್ಟು ಪೂರ್ತಿ ಕೆಳಗಿಳಿದು ನಿಲ್ಲಿ.

ಪ್ರಶ್ನೆ: ಹೆಲ್ಮೆಟ್ ಗ್ಲಾಸ್‌ಗೆ ಉಸಿರಿನ ಆವಿ ಹಿಡಿಯುತ್ತದೆ. ಒಳಗೆ ಮಂಕಿ ಕ್ಯಾಪ್ ಬೇರೆ. ಉಪಾಯ ಹೇಳಿ ಸರ್. (ಡಿಗ್ರಿ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ತಂಗಿ, ದಪ್ಪ ಮಂಕಿ ಕ್ಯಾಪ್ ತೆಗೆದುಬಿಡು. ಅದರ ಮೇಲೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ, ಹಾರ್ನ್ ಕೂಡ ಕೇಳುವುದಿಲ್ಲ. ತೆಳು ಕಾಟನ್ ಮುಖಗವಸು ಸಿಗುತ್ತದೆ, ಅದು ಸಾಕು. ಮೂಗು ಬಾಯಿ ಬಿಗಿಯಾಗಿ ಮುಚ್ಚಿದರೆ ಉಸಿರು ಮೇಲಕ್ಕೆ ನುಗ್ಗಿ ಗ್ಲಾಸ್‌ಗೆ ಹಿಡಿಯುತ್ತದೆ, ಬಟ್ಟೆಯನ್ನು ಬಾಯಿಯ ಕೆಳಗೆ ಸಡಿಲ ಬಿಡು. ಗ್ಲಾಸ್ ಒಳಗಡೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸವರಿ ಒಣ ಮೆತ್ತನೆ ಬಟ್ಟೆಯಿಂದ ಒರೆಸು, ಸ್ವಲ್ಪ ದಿನ ಹಿಡಿಯುವುದಿಲ್ಲ. ದುಪಟ್ಟಾದ ತುದಿ ಜಾಕೆಟ್ ಒಳಗೆ ಸೇರಿಸು, ಹೊರಗೆ ಹಾರಲು ಬಿಟ್ಟರೆ ಚಕ್ರಕ್ಕೆ ಸಿಕ್ಕುತ್ತದೆ.

ಪ್ರಶ್ನೆ: ಸೇಡಂ ರಸ್ತೆಯಲ್ಲಿ ಬೆಳಿಗ್ಗೆ ಬಿಸಿಲು ನೇರ ಕಣ್ಣಿಗೇ ಹೊಡೆಯುತ್ತದೆ.

ಉತ್ತರ: ಹೊಡೆಯಲೇಬೇಕು. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದು ಆಗ್ನೇಯದ ಕಡೆಗೆ, ಕಲಬುರಗಿಯಿಂದ ಸೇಡಂ ಇರುವುದೂ ಹೆಚ್ಚುಕಡಿಮೆ ಅತ್ತಲೇ. ಹೆಲ್ಮೆಟ್ ಗ್ಲಾಸ್‌ನ ಮೇಲಿನ ಅಂಚಿಗೆ ಎರಡು ಬೆರಳು ಅಗಲದ ಕಪ್ಪು ಟೇಪ್ ಅಂಟಿಸಿ, ತಲೆ ಸ್ವಲ್ಪ ಬಗ್ಗಿಸಿದರೆ ಸೂರ್ಯ ಮುಚ್ಚಿಹೋಗುತ್ತಾನೆ. ಗೀಚಿದ ಗ್ಲಾಸ್ ಇದ್ದರೆ ಬದಲಾಯಿಸಿ. ಎದುರಿಂದ ಬರುವ ಸಿಮೆಂಟ್ ಲಾರಿಯವನಿಗೆ ಸೂರ್ಯ ಬೆನ್ನಿಗಿರುತ್ತದೆ, ನೀವು ಅವನಿಗೆ ಚೆನ್ನಾಗಿ ಕಾಣುತ್ತೀರಿ. ನಿಮ್ಮ ಹಿಂದೆ ಬರುವವನಿಗೆ ಮಾತ್ರ ನೀವು ಕಾಣುವುದು ಕಷ್ಟ, ಸುಮ್ನೆ ತಟ್ಟನೆ ಬ್ರೇಕ್ ಹಾಕಬೇಡಿ.

ಪ್ರಶ್ನೆ: ಹೊರಡುವ ಮೊದಲು ಒಂದು ಪೆಗ್ ರಮ್ ಹಾಕಿದರೆ ಚಳಿ ಹತ್ತುವುದಿಲ್ಲ ಅಂತಾರೆ ಗೆಳೆಯರು.

ಉತ್ತರ: ಚರ್ಮಕ್ಕೆ ರಕ್ತ ನುಗ್ಗಿ ಬಿಸಿ ಅನ್ನಿಸುತ್ತದೆ, ಒಳಗಿನ ಬಿಸಿ ಅದೇ ದಾರಿಯಲ್ಲಿ ಹೊರಗೆ ಹೋಗುತ್ತದೆ. ಗಾಡಿಯ ಕೀಯನ್ನು ಗೆಳೆಯರಿಗೆ ಸಿಗದ ಕಡೆ ಇಡಿ, ನಿಮಗೂ.

ಪ್ರಶ್ನೆ: ವಾರಕ್ಕೊಮ್ಮೆ ಗಾಳಿ ಹೊಡೆಸಿದರೂ ಬೆಳಿಗ್ಗೆ ಟೈರ್ ಮೆತ್ತಗಿರುತ್ತದೆ. ಪಂಕ್ಚರ್ ಇಲ್ಲ.

ಉತ್ತರ: ಮಧ್ಯಾಹ್ನ ಬಿಸಿಲಲ್ಲಿ, ಓಡಿಸಿ ಬಿಸಿಯಾದ ಟೈರ್‌ಗೆ ಹೊಡೆಸಿರುತ್ತೀರಿ. ಬಿಸಿ 10 ಡಿಗ್ರಿ ಇಳಿದರೆ ಟೈರ್ ಒಳಗಿನ ಗಾಳಿಯ ಒತ್ತಡ ಒಂದೂವರೆ ಪಿಎಸ್‌ಐ (ಬಂಕ್‌ನ ಗಾಳಿ ಮೀಟರ್ ತೋರಿಸುವ ಅಳತೆ) ಆಸುಪಾಸು ಇಳಿಯುತ್ತದೆ. ಬೆಳಿಗ್ಗೆ, ಹತ್ತಿರದ ಬಂಕ್‌ನಲ್ಲಿ, ಟೈರ್ ತಣ್ಣಗಿರುವಾಗಲೇ ಹೊಡೆಸಿ.

ಪ್ರಶ್ನೆ: ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಬೇಕು. ಇರುವುದು ಒಂದೇ ಗಾಡಿ. ನಾನು, ಮನೆಯವರು, ಅವ್ವ, ಜೊತೆಗೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಗಡಿಗೆ. ನಿಧಾನ ಹೋದರೆ ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ. ಹಿಂದೆ ಒಬ್ಬರೇ ಕೂರಬೇಕು ಅಂತ ಕಾನೂನು ಇದೆ. ಅದನ್ನು ಬಿಡಿ, ಹೊಲದ ದಾರಿ ನೆನೆಸಿಕೊಳ್ಳಿ. ಇಬ್ಬನಿ ಬಿದ್ದ ಎರೆಮಣ್ಣು ಟೈರ್‌ಗೂ ಮಡ್‌ಗಾರ್ಡ್‌ಗೂ ನಡುವೆ ತುಂಬಿಕೊಂಡು ಚಕ್ರ ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ. ಹಿಂದೆ ಭಾರ ಜಾಸ್ತಿ ಆದರೆ ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಗಡಿಗೆ ಹ್ಯಾಂಡಲ್‌ಗೆ ತೂಗುಹಾಕಿದರೆ ತಿರುವಿನಲ್ಲಿ ಕೈಗೆ ಅಡ್ಡ ಬರುತ್ತದೆ. ಎರಡು ಸುತ್ತು ಹೊಡೆಯಿರಿ. ಮೊದಲು ಅವ್ವನನ್ನು ಬಿಡಿ, ಅವರ ಶಾಲು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರಾ ನೋಡಿ. ಆಮೇಲೆ ಮನೆಯವರು ಮತ್ತು ಊಟ. ಬಿಸಿಲೇರಿ ದಾರಿ ಒಣಗಿದ ಮೇಲೆ ಹೊರಟರೆ ಸಾಕು, ಚರಗ ಚೆಲ್ಲುವುದಕ್ಕೆ, ಅಂದರೆ ಹೊಲಕ್ಕೆ ಎಡೆ ಎರಚುವುದಕ್ಕೆ, ಅವಸರ ಇಲ್ಲ. ವಾಪಸ್ ಬರುವುದು ಮಾತ್ರ ಕತ್ತಲಾಗುವ ಮೊದಲು, ಕಬ್ಬಿನ ಟ್ರಾಲಿಗಳ ವಿಷಯ ಮೇಲೆ ಬರೆದಿದ್ದೇನೆ.