ಸ್ಕ್ಯಾನ್‌ನಲ್ಲಿ ಕಾಣದ ತಲೆನೋವು

ಶಂಕರಪುರದ ಕಡೆಯ ಸಹೋದರಿಗೆ,

ನಿಮ್ಮ ಪತ್ರ ಎರಡು ಸಲ ಓದಿದೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಮಳೆಗಾಲದಲ್ಲಿ ಡೆಂಗಿ ಬಂತು. ಜ್ವರ ವಾರದಲ್ಲಿ ಇಳಿಯಿತು, ತಲೆನೋವು ಐದು ತಿಂಗಳಾದರೂ ಬಿಟ್ಟಿಲ್ಲ. ಬೆಳಿಗ್ಗೆ ಬಾಳೆನಾರು ಹಿಡಿದು ಮಲ್ಲಿಗೆ ಕಟ್ಟಲು ಕೂತರೆ ಆ ಪರಿಮಳಕ್ಕೇ ಹೊಟ್ಟೆ ತೊಳಸುತ್ತದೆ. ಮೆಡಿಕಲ್‌ನಿಂದ ತಂದ ಮಾತ್ರೆ ದಿನಾ ಬೇಕು. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಮನೆಯಲ್ಲಿ "ಎಲ್ಲ ನಿನ್ನ ಮನಸ್ಸಿನದ್ದು" ಅನ್ನುತ್ತಾರೆ. ಇದು ಕಾಯಿಲೆಯಾ, ಭ್ರಮೆಯಾ ಎಂದು ಕೇಳಿದ್ದೀರಿ.

ಕಾಯಿಲೆಯೇ. ಮನೆಯ ಫೋಟೋ ತೆಗೆದರೆ ವೋಲ್ಟೇಜ್ ಏರುಪೇರು ಕಾಣುತ್ತದೆಯೇ? ಸ್ಕ್ಯಾನ್ ತೋರಿಸುವುದು ಗಡ್ಡೆ, ರಕ್ತಸ್ರಾವದಂಥದ್ದನ್ನು. ಅದಿಲ್ಲ ಎನ್ನುವುದು ಸಮಾಧಾನದ ವಿಷಯ. ಆದರೆ ನೋವಿಲ್ಲ ಅಂತ ಅದು ಹೇಳುವುದಿಲ್ಲ. ವೈರಸ್ ಜ್ವರದ ನಂತರ ಕೆಲವರಿಗೆ ಅರೆತಲೆನೋವು ಶುರುವಾಗುತ್ತದೆ, ಮೊದಲೇ ಇದ್ದವರಿಗೆ ಜಾಸ್ತಿಯಾಗುತ್ತದೆ. ಆಗ ಬೆಳಕು, ಸದ್ದು, ವಾಸನೆ ತಡೆಯಲಾಗದಿರುವುದು ಆ ಕಾಯಿಲೆಯದೇ ಲಕ್ಷಣ. ಮಲ್ಲಿಗೆಯ ಮೇಲೆ ನಿಮಗೆ ಪ್ರೀತಿ ಕಡಿಮೆಯಾಗಿಲ್ಲ.

2021ರಲ್ಲಿ ಕೋವಿಡ್ ಆದ ಮೇಲೆ ನಾನೂ ಏಳು ತಿಂಗಳು ಇದನ್ನು ಅನುಭವಿಸಿದ್ದೇನೆ. ಪುಟ ತಿದ್ದುವಾಗ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಬೆಳಕಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ಚೀಲದಲ್ಲಿ ಮಾತ್ರೆಯ ಸ್ಟ್ರಿಪ್ ಸದಾ ಇರುತ್ತಿತ್ತು. ಒಂದು ದಿನ ವೈದ್ಯರು, "ತಿಂಗಳಲ್ಲಿ ಎಷ್ಟು ದಿನ ನುಂಗುತ್ತೀರಿ?" ಎಂದು ಕೇಳಿದರು. ನನಗೆ ಲೆಕ್ಕವೇ ಇರಲಿಲ್ಲ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ನೋಡಿದರೆ 22 ದಿನ!

ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಇದೇ. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಹಲವು ಔಷಧ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು. ನಿಲ್ಲಿಸಿದಾಗ ಕೆಲವು ದಿನ ನೋವು ಏರುತ್ತದೆ. ಹಾಗಾಗಿ ಸುಮ್ನೆ ನೀವೇ ನಿಲ್ಲಿಸಬೇಡಿ, ನರರೋಗ ತಜ್ಞರನ್ನು ಕಾಣಿ. ಮಣಿಪಾಲ ನಿಮಗೆ ದೂರವಲ್ಲ ಅಲ್ವಾ. ಹೋಗುವ ಮುಂಚೆ, ಮಲ್ಲಿಗೆಯ ಅಟ್ಟೆ (ಹೂವಿನ ಮಾರಾಟದ ಅಳತೆ) ಲೆಕ್ಕ ಬರೆಯುವ ಪುಸ್ತಕದಲ್ಲೇ ಪಕ್ಕದಲ್ಲಿ ಬರೆಯುತ್ತಾ ಬನ್ನಿ: ನೋವು ಎಷ್ಟು ಹೊತ್ತಿಗೆ ಬಂತು, ಯಾವ ಮಾತ್ರೆ, ಮುಟ್ಟಿನ ದಿನ, ನಿದ್ದೆ, ಊಟ ತಪ್ಪಿದ್ದು. ಏಕಾದಶಿ ಉಪವಾಸ ಸದ್ಯಕ್ಕೆ ಬಿಡಿ. ಹಸಿದ ಹೊಟ್ಟೆ ಈ ನೋವನ್ನು ಕೆರಳಿಸುತ್ತದೆ.

ನೋವು ಬಾರದಂತೆ ತಡೆಯಲು ದಿನಾ ತಿನ್ನುವ ಮಾತ್ರೆ ಕೊಡಬಹುದು. ಅಮಿಟ್ರಿಪ್ಟಿಲಿನ್ ಅದರಲ್ಲೊಂದು. ಅದು ಖಿನ್ನತೆಗೂ ಕೊಡುವ ಔಷಧ. ಮನೆಯವರು ಚೀಟಿ ನೋಡಿ "ಕಂಡಿರಾ, ಮನಸ್ಸಿನದ್ದೇ" ಅಂದಾರು. ತಲೆನೋವಿಗೆ ಅದನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ, ಕೆಲಸ ನರದ ಮೇಲೆ. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ನಾನು ಮೂರನೇ ವಾರಕ್ಕೆ ಬಿಟ್ಟು, ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಒಮ್ಮೆಲೇ ಸಿಡಿಲಿನಂತೆ ತಲೆನೋವು ಬಂದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ, ಕೈಕಾಲು ಬಲ ಕಳೆದುಕೊಂಡರೆ, ಕಣ್ಣು ಮಂಜಾದರೆ, ಮಾತು ತೊದಲಿದರೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಈ ಪುಟವನ್ನು ಮನೆಯವರಿಗೂ ಓದಲು ಕೊಡಿ. ನೋವು ಎದ್ದ ಬೆಳಿಗ್ಗೆ ನೀವು ಕತ್ತಲೆ ಕೋಣೆಯಲ್ಲಿ ಮಲಗಿ, ಆ ದಿನದ ಹೂವನ್ನು ಅವರು ಕಟ್ಟಲಿ.

— ಸಂಪಾದಕ