ಎಕೋ ಕ್ಯಾಸೆಟ್ ಪೆನ್ ಡ್ರೈವ್‌ಗೆ ಬರುತ್ತಾ?

ಪ್ರಶ್ನೆ: 1996ರಲ್ಲಿ ಅಪ್ಪನಿಗೆ ಹೃದಯದ ಎಕೋ ಮಾಡಿಸಿದಾಗ ವಿಎಚ್‌ಎಸ್ ಕ್ಯಾಸೆಟ್ ಕೊಟ್ಟಿದ್ದರು. ಹಳೇದು ಇದ್ದರೆ ತನ್ನಿ ಅಂತ ಈಗಿನ ಡಾಕ್ಟರು ಹೇಳಿದ್ದಾರೆ. ಪೆನ್ ಡ್ರೈವ್‌ಗೆ ಹಾಕಿಸಬಹುದಾ? ಆಗ ಕಂಪ್ಯೂಟರ್ ಇತ್ತಲ್ವಾ, ಮತ್ಯಾಕೆ ಕ್ಯಾಸೆಟ್? ಎಕ್ಸ್‌ರೇ ಮಾತ್ರ ಫಿಲ್ಮ್‌ನಲ್ಲೇ ಕೊಡ್ತಿದ್ದರು, ಅದ್ಯಾಕೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಾಕಿಸಬಹುದು. ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಬಿಳಿ ಪುಡಿ ಕೂತಂತೆ ಕಂಡರೆ ಅದು ಬೂಷ್ಟು. ನಿಮ್ಮ ಕಡೆಯ ಮಳೆಗಾಲಗಳನ್ನು ಕಂಡ ಟೇಪಿಗೆ ಅದು ಮಾಮೂಲು. ಹಾಗಿದ್ದರೆ ಪರೀಕ್ಷೆಗೆ ಅಂತಲೂ ಪ್ಲೇಯರಿಗೆ ಹಾಕಬೇಡಿ. ಟೇಪು ಹರಿಯಬಹುದು, ಹೆಡ್ಡೂ ಕೆಡುತ್ತದೆ. ಕ್ಲೀನ್ ಮಾಡಿಸಿಯೇ ಮುಂದಿನ ಮಾತು.

ಮದುವೆ ಕ್ಯಾಸೆಟ್‌ಗಳನ್ನು ಪೆನ್ ಡ್ರೈವ್‌ಗೆ ಹಾಕಿಕೊಡುವ ಸ್ಟುಡಿಯೋದವರು ಸಾಕು, ಆದರೆ ಅವರಿಗೆ ಮೊದಲೇ ಹೇಳಬೇಕು: ಇದ್ದದ್ದು ಇದ್ದ ಹಾಗೇ ಬೇಕು, ಅಂದ ಮಾಡೋದು ಬೇಡ. ಈಗಿನ ಟಿವಿಗೆ ಹೊಂದಲಿ ಅಂತ ಚಿತ್ರವನ್ನು ಅಗಲಕ್ಕೆ ಎಳೆದರೆ ಹೃದಯವೂ ಅಗಲ ಆಗುತ್ತದೆ, ಅಳತೆ ಎಲ್ಲ ಹಾಳು. ಅಂಚು ಕತ್ತರಿಸಿದರೆ ಹೆಸರು, ತಾರೀಕು, ಪಕ್ಕದ ಸೆಂಟಿಮೀಟರ್ ಗುರುತು ಹೋಗುತ್ತವೆ, ಡಾಕ್ಟರು ಅಳೆಯುವುದೇ ಆ ಗುರುತು ಹಿಡಿದು. ಇನ್ನು ಸದ್ದು. ಮಧ್ಯೆ ಮಧ್ಯೆ ಬುಸ್ ಬುಸ್ ಅಂದರೆ ಅದು ಟೇಪಿನ ದೋಷ ಅಂದುಕೊಳ್ಳಬೇಡಿ, ರಕ್ತದ ಹರಿವು ನೋಡುವ ಡಾಪ್ಲರ್‌ನ ಸದ್ದು ಇರಬಹುದು. ಅದನ್ನು ತೆಗೆದು ಶಹನಾಯಿ ಹಾಕಿಬಿಟ್ಟಾರು, ಹುಷಾರು! ಚಿತ್ರ ಉರುಳುತ್ತಿದ್ದರೆ ಎನ್‌ಟಿಎಸ್‌ಸಿ, ಅಂದರೆ ಅಮೆರಿಕದ ಟಿವಿ ಪದ್ಧತಿ, ಓದುವ ಪ್ಲೇಯರಿನಲ್ಲೂ ಹಾಕಿ ನೋಡಲು ಹೇಳಿ. ನಮ್ಮ ದೇಶದ ಟಿವಿಯದು ಪಾಲ್ ಪದ್ಧತಿ, ಹೊರಗಿನಿಂದ ಬಂದ ಮೆಷೀನು ಅದರಲ್ಲೇ ರೆಕಾರ್ಡ್ ಮಾಡಿರಬೇಕು ಅಂತೇನಿಲ್ಲ.

ಕ್ಯಾಸೆಟ್ ಯಾಕೆ ಅಂದರೆ, ಎಕೋ ಮೆಷೀನಿನಿಂದ ಬರುತ್ತಿದ್ದದ್ದೇ ಟಿವಿಯ ಥರದ ವಿಡಿಯೋ ಸಿಗ್ನಲ್. ಒಂದು ವೈರು ಎಳೆದು ವಿಸಿಆರ್‌ಗೆ ಸಿಕ್ಕಿಸಿದರೆ ಕೆಲಸ ಮುಗಿಯಿತು. ಅದೇ ಚಿತ್ರವನ್ನು ಡಿಜಿಟಲ್ ಮಾಡೋಣ ಅಂದರೆ, 512 ಚುಕ್ಕಿ ಉದ್ದ, 512 ಅಗಲ, ಸೆಕೆಂಡಿಗೆ 25 ಚಿತ್ರ. ಕಪ್ಪು ಬಿಳುಪಲ್ಲೇ ಸೆಕೆಂಡಿಗೆ ಆರೂವರೆ ಎಂಬಿ ಬೇಕು. 1990ರ ಸುಮಾರಿನ ಪಿಸಿಯ 40 ಎಂಬಿ ಡಿಸ್ಕು ಆರೇ ಸೆಕೆಂಡಿನಲ್ಲಿ ಫುಲ್! ಆಸ್ಪತ್ರೆಯವರು ಇಟ್ಟುಕೊಳ್ಳುತ್ತಿದ್ದ ಮೂರು ಗಂಟೆಯ ಕ್ಯಾಸೆಟ್ಟಿನಲ್ಲಾದರೆ ಎಷ್ಟೋ ಜನರ ಹೃದಯ ಹಿಡಿಯುತ್ತಿತ್ತು. ಬೇಕಾದವರದ್ದನ್ನು ಹುಡುಕೋದೇ ಕಷ್ಟ, ರಿಜಿಸ್ಟರಿನಲ್ಲಿ ಬರೆದಿಟ್ಟ ಕೌಂಟರ್ ನಂಬರ್ ನೋಡಿಕೊಂಡು ಫಾರ್ವರ್ಡ್ ಒತ್ತುತ್ತಾ ಕೂರಬೇಕಿತ್ತು.

ಸಿಡಿಯ ಥರದ ದೊಡ್ಡ ತಟ್ಟೆ, ಲೇಸರ್ ಡಿಸ್ಕ್ ಅಂತ ಇತ್ತು. ಅದರಲ್ಲಿ ಹುಡುಕುವ ಈ ತೊಂದರೆ ಇರಲಿಲ್ಲ. ಅದೂ ಟೇಪಿನ ಹಾಗೇ ಅನಲಾಗ್ ವಿಡಿಯೋನೇ, ಡಿಜಿಟಲ್ ಅಲ್ಲ. ಒಂದು ಮುಖದಲ್ಲಿ 54,000 ಬಿಡಿ ಚಿತ್ರ, ನಂಬರ್ ಒತ್ತಿದರೆ ಆ ಚಿತ್ರ ಬರುತ್ತಿತ್ತು. 80ರ ದಶಕದಲ್ಲಿ ಅಮೆರಿಕದಲ್ಲಿ ಮೆಡಿಕಲ್ ಪಾಠಕ್ಕೆ ಇದನ್ನು ಬಳಸಿದರು.

ಎಕ್ಸ್‌ರೇಗೆ ಮಾತ್ರ ಇವೆಲ್ಲ ಆಗಿಬರಲಿಲ್ಲ. ಪಾಲ್ ವಿಡಿಯೋದಲ್ಲಿ ಕಾಣೋದು 576 ಗೆರೆ. ಎದೆಯ ಎಕ್ಸ್‌ರೇಗೆ ಎರಡು ಸಾವಿರದಷ್ಟಾದರೂ ಬೇಕು, ಇಲ್ಲದಿದ್ದರೆ ಮೂಳೆಯಲ್ಲಿನ ಕೂದಲೆಳೆಯಂಥ ಬಿರುಕು ತಪ್ಪಿಹೋಗುತ್ತದೆ. ಎಕೋದಲ್ಲಿ ಮುಖ್ಯ ಕವಾಟದ ಚಲನೆ, ಅದನ್ನು ತೋರಿಸೋಕೆ ಟೇಪು ಸಾಕಿತ್ತು. ಕಾಪಿ ಆದ ಮೇಲೂ ಕ್ಯಾಸೆಟ್ ಎಸೆಯಬೇಡಿ, ಡಾಕ್ಟರು ನೋಡಿ ಸರಿಯಿದೆ ಅನ್ನಲಿ.