ಪಾಠ ಬದಲಾಗುತ್ತದೆ, ಯಾರು ಮಾತಾಡುತ್ತಾರೆ ಅನ್ನೋದೂ

"ರಾಜಕೀಯ, ಸಮಾಜ ಬದಲಾದ ಹಾಗೆ ಸ್ತ್ರೀವಾದಿ ಅಧ್ಯಾಪಕರು ಪಾಠ ಮಾಡುವ ರೀತಿಯೂ ಬದಲಾಗುತ್ತದಾ?" ಎಂದು ಕೇಳಿದ್ದೀರಿ. ಬದಲಾಗುತ್ತದೆ. ನಾನು ಬೆಂಗಳೂರಿನ ಪೀಣ್ಯದ ಕಡೆಯ ಪದವಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ನನ್ನ ಪಾಠವನ್ನು ಮೊದಲು ಬದಲಿಸಿದ್ದು ಪಿಎಫ್ ಗಲಾಟೆ.

ಪಿಎಫ್‌ನಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಲಾಠಿ ಏಟು ಬಿತ್ತು, ಅಶ್ರುವಾಯು ಸಿಡಿಯಿತು. ಎರಡನೇ ದಿನ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅಮ್ಮ ಏನು ಮಾಡ್ತಾರೆ ಎಂದರೆ "ಗಾರ್ಮೆಂಟ್ಸು" ಎಂದು ತಲೆ ತಗ್ಗಿಸುತ್ತಿದ್ದ ಹುಡುಗಿ ಆ ವಾರ ತಾನಾಗಿ ಎದ್ದು, "ಮೇಡಂ, ನಮ್ಮಮ್ಮನೂ ರೋಡಲ್ಲಿ ಕೂತಿದ್ರು" ಅಂದಳು. ಕೆಲಸ ಬಿಟ್ಟಾಗ ಕೈಗೆ ಬರುವ ಆ ದುಡ್ಡಲ್ಲೇ ಸಾಲ, ಫೀಸು, ಅಜ್ಜಿಯ ಆಪರೇಷನ್ ಎಲ್ಲ ಎಂದು ಲೆಕ್ಕ ಬಿಡಿಸಿ ಹೇಳಿದಳು. ನಾನು ಬೆಂಚಿನಲ್ಲಿ ಕೂತು ಕೇಳಿದೆ. ಅಲ್ಲಿಯವರೆಗೆ ಹೆಣ್ಣಿನ ದುಡಿಮೆಯ ಪಾಠವನ್ನು ವ್ಯಾಖ್ಯೆಯಿಂದ ಶುರು ಮಾಡುತ್ತಿದ್ದವಳು ಈಗ ಸಂಬಳದ ಚೀಟಿಯಿಂದ ಶುರು ಮಾಡುತ್ತೇನೆ.

ಆದರೆ ಎಲ್ಲ ಕಾಲವೂ ಮಾತಾಡುವ ಧೈರ್ಯ ಕೊಡುವುದಿಲ್ಲ. 2022ರ ಫೆಬ್ರವರಿಯಲ್ಲಿ ಸಮವಸ್ತ್ರದ ಆದೇಶ ಬಂತು, ಉಡುಪಿಯಲ್ಲಿ ಶುರುವಾಗಿದ್ದ ಹಿಜಾಬಿನ ವಿವಾದ ರಾಜ್ಯದ ತುಂಬ ಹೊತ್ತಿಕೊಂಡಿತು. ನಮ್ಮಲ್ಲಿ ಸಮವಸ್ತ್ರವೇ ಇರಲಿಲ್ಲ. ಆದರೂ ಮೂವರು ಹುಡುಗಿಯರು ಬರುವುದನ್ನು ನಿಲ್ಲಿಸಿದರು. ಹೆಣ್ಣುಮಕ್ಕಳ ಆಯ್ಕೆ ಎಂಬ ವಿಷಯದ ಮೇಲೆ ಚರ್ಚೆ ಇಟ್ಟುಕೊಂಡಿದ್ದೆ, ಕೈಬಿಟ್ಟೆ. ಅವರು ವಾಪಸ್ ಬಂದರೂ ಇಡೀ ತರಗತಿಯೆದುರು ತಮ್ಮ ಬಟ್ಟೆಗೆ ಸಮಜಾಯಿಷಿ ಕೊಡಬೇಕಾಗುತ್ತಿತ್ತು, ಅದು ಚರ್ಚೆಯಲ್ಲ, ವಿಚಾರಣೆ. ಫೋನ್ ಮಾಡಿದೆ, ನೋಟ್ಸ್ ಕಳಿಸಿದೆ. ಇಬ್ಬರು ಪರೀಕ್ಷೆ ಬರೆದರು. ಮೂರನೆಯವಳನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. ಆಮೇಲೆ ಸ್ವಂತ ಬದುಕಿನ ಮಾತನ್ನು ಎದ್ದು ಹೇಳಿ ಎಂದು ಯಾರನ್ನೂ ಕೇಳಿಲ್ಲ. ಹೇಳಲೇಬೇಕು ಅನ್ನಿಸಿದವರು ಹೆಸರಿಲ್ಲದ ಚೀಟಿಯಲ್ಲಿ ಬರೆದು ಕೊಡುತ್ತಾರೆ.

ಇನ್ನೊಂದು ವಿಷಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಊರೊಳಗಿನ ಕ್ಷೇತ್ರಕಾರ್ಯ ಕೊಡುವುದು ಸಲೀಸಾಗಿದೆ. ಮೊದಲು ಬಸ್ ಚಾರ್ಜಿಗೆ ಅಪ್ಪನನ್ನು ಕೇಳಬೇಕು ಎಂದು ಹುಡುಗಿಯರು ಹಿಂಜರಿಯುತ್ತಿದ್ದರು. ಮೊನ್ನೆ ಒಬ್ಬಳು ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂ ಮಾರುವ ಹೆಂಗಸರನ್ನು ಮಾತಾಡಿಸಿಕೊಂಡು ಬಂದಳು. ಜೊತೆಗೆ ಅಮ್ಮನೂ ಹೋಗಿದ್ದರಂತೆ. ಅರ್ಧ ಪ್ರಶ್ನೆ ಅವರೇ ಕೇಳಿದ್ದಾರೆ.